ಬಿಸ್ಕತ್ ಡಬ್ಬದಲ್ಲಿ ನನ್ನ ಸಹಿ: ಟೆಂಡರ್ ಹಾಕಿಕೊಡುವ ಒಂದು ಅಂಗಡಿಯ ಬಗ್ಗೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಗದದ ಕೆಲಸಕ್ಕೆ ನಾಲ್ಕೂವರೆ ಕೊಡಬಹುದಿತ್ತು. ರೇಟಿನ ವಿಷಯಕ್ಕೆ ಎರಡೂ ಕೊಡಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಂಗಡಿ ಇರುವುದು ಗಾಂಧಿನಗರದಲ್ಲಿ, ಎರಡನೇ ಮಹಡಿಯಲ್ಲಿ. ಕೆಳಗೆ ದರ್ಶಿನಿ, ಪಕ್ಕದಲ್ಲಿ ರಬ್ಬರ್ ಸೀಲು ಮಾಡಿಕೊಡುವವರು. ಮೆಟ್ಟಿಲ ಮೇಲೆ ದೀಪ ಇಲ್ಲ. ಒಳಗೆ ಮೂರು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಜೆರಾಕ್ಸ್ ಮೆಷಿನ್, ಮಾಲೀಕರು, ಇಬ್ಬರು ಹುಡುಗರು. ಹೆಸರು ಬರೆಯಲ್ಲ. ಈಗಲೂ ನಾನು ಅಲ್ಲಿಗೇ ಹೋಗುತ್ತೇನೆ, ಅದೊಂದು ಕಾರಣ. ಇನ್ನೊಂದು, ಇಂಥ ಅಂಗಡಿ ಇದೊಂದೇ ಅಲ್ಲ. ಸರ್ಕಾರಿ ಆಫೀಸು ಜಾಸ್ತಿ ಇರುವ ಕಡೆ ಹುಡುಕಿದರೆ ಮೇಲಿನ ಮಹಡಿಯಲ್ಲಿ ಒಂದು ಇಂಥದ್ದು ಸಿಗುತ್ತದೆ. ಬೋರ್ಡಿನಲ್ಲಿ 'ಜಿಎಸ್‌ಟಿ, ಪಾನ್, ಡಿಎಸ್‌ಸಿ' ಅಂತಷ್ಟೇ ಇರುತ್ತದೆ. ಟೆಂಡರ್ ಹಾಕುತ್ತಾರೆ ಅನ್ನುವುದು ಬಾಯಿಂದ ಬಾಯಿಗೆ ಹೋಗುವ ಸುದ್ದಿ.

ನನ್ನದು ಚಿಕ್ಕ ಹೌಸ್‌ಕೀಪಿಂಗ್ ಏಜೆನ್ಸಿ. ಹನ್ನೊಂದು ವರ್ಷ ಒಂದು ಟೆಕ್ ಪಾರ್ಕಿನಲ್ಲಿ ಸೂಪರ್‌ವೈಸರ್ ಆಗಿದ್ದೆ. 2021ರಲ್ಲಿ ಬಿಟ್ಟು ನನ್ನದೇ ಶುರು ಮಾಡಿದೆ. ಮೊದಲು ಮೂರು ಅಪಾರ್ಟ್‌ಮೆಂಟ್, ಆಮೇಲೆ ಒಂದು ಸ್ಕೂಲು. ಈಗ 38 ಜನ ಇದ್ದಾರೆ, ಮುಕ್ಕಾಲು ಪಾಲು ಹೆಂಗಸರು. ಅಪಾರ್ಟ್‌ಮೆಂಟಿನ ಕಷ್ಟ ಅಂದರೆ ಪ್ರತಿ ವರ್ಷ ಕಮಿಟಿ ಬದಲಾಗುತ್ತದೆ, ಹೊಸ ಸೆಕ್ರೆಟರಿಗೆ ಅವರ ಪರಿಚಯದ ಏಜೆನ್ಸಿ ಇರುತ್ತದೆ. ಸರ್ಕಾರಿ ಕೆಲಸ ಹಿಡಿದರೆ ಒಂದೆರಡು ವರ್ಷವಾದರೂ ನೆಮ್ಮದಿ ಅಂತ ಎಲ್ಲರೂ ಹೇಳುತ್ತಿದ್ದರು. ಅದನ್ನು ಹಿಡಿಯೋದು ಹೇಗೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ತುಂಬಾ ಜನ ಕೇಳುತ್ತಾರೆ, ಪಾಲಿಕೆಯ ರಸ್ತೆ ಗುಡಿಸುವ ಟೆಂಡರ್ ಹಾಕಬಹುದಲ್ವಾ ಅಂತ. ಬೆಂಗಳೂರಿನಲ್ಲಿ ಆ ಕಾಲ ಮುಗಿದಿದೆ. ಪೌರಕಾರ್ಮಿಕರಿಗೆ ಗುತ್ತಿಗೆದಾರರನ್ನು ಬಿಟ್ಟು ಪಾಲಿಕೆಯೇ ನೇರವಾಗಿ ಸಂಬಳ ಕೊಡಲು ಶುರು ಮಾಡಿ ವರ್ಷಗಳಾದವು. 2022ರ ಜುಲೈನಲ್ಲಿ ಮುಷ್ಕರ ಆದ ಮೇಲೆ ಕಾಯಂ ಮಾಡುವುದೂ ಶುರುವಾಯಿತು. ನಾನು ಗುತ್ತಿಗೆದಾರಳೇ, ಆದರೂ ಅದು ಸರಿ ಅಂತಲೇ ಹೇಳುತ್ತೇನೆ. ನಮ್ಮಮ್ಮ ಇಪ್ಪತ್ತು ವರ್ಷ ಗುತ್ತಿಗೆಯಲ್ಲಿ ರಸ್ತೆ ಗುಡಿಸಿದಳು. ಪಿಎಫ್ ಅಂತ ಪ್ರತಿ ತಿಂಗಳೂ ಸಂಬಳದಲ್ಲಿ ಮುರಿದರು. ಕೊನೆಗೆ ವಿಚಾರಿಸಿದರೆ ಅವಳ ಹೆಸರಲ್ಲಿ ಖಾತೆಯೇ ಇರಲಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ, ಅದಕ್ಕೇ ಹೇಳಿದೆ.

ನಮ್ಮಂಥವರಿಗೆ ಉಳಿದಿರುವುದು ಕಟ್ಟಡದ ಒಳಗಿನ ಕೆಲಸ. ಕಚೇರಿ, ಆಸ್ಪತ್ರೆ, ಹಾಸ್ಟೆಲ್, ಬ್ಯಾಂಕು, ಯೂನಿವರ್ಸಿಟಿ. ಬಾಗಿಲು ಎರಡು. ರಾಜ್ಯ ಸರ್ಕಾರದ ಕೆಲಸಕ್ಕೆ ಕೆಪಿಪಿಪಿ ಅನ್ನುವ ಆನ್‌ಲೈನ್ ಟೆಂಡರ್ ಪೋರ್ಟಲ್, ಅದರ ಹಿಂದೆ 1999ರ ಪಾರದರ್ಶಕತೆ ಕಾಯ್ದೆ. ಕೇಂದ್ರದ ಕಚೇರಿಗಳಿಗೆ 2016ರಲ್ಲಿ ಶುರುವಾದ ಜೆಮ್ ಅನ್ನುವ ಪೋರ್ಟಲ್. ಎರಡರಲ್ಲೂ ನಿಮ್ಮ ಮುಖ ಯಾರೂ ನೋಡಲ್ಲ, ಪಿಡಿಎಫ್ ನೋಡುತ್ತಾರೆ. ಹತ್ತು ಮಹಡಿ ಟಾಯ್ಲೆಟ್ ಫಳಫಳ ಹೊಳೆಸುವ ಕೈ ನಿಮ್ಮದಿರಬಹುದು. ಸ್ಕ್ಯಾನ್ ಮಾಡಿದ ಒಂದು ಹಾಳೆ ತಲೆಕೆಳಗಾಗಿದ್ದರೆ ಅಷ್ಟೇ.

ಮೊದಲ ಎರಡು ಟೆಂಡರ್ ನಾನೇ ಹಾಕಿದೆ. ಮಗಳ ಲ್ಯಾಪ್‌ಟಾಪಿನಲ್ಲಿ, ರಾತ್ರಿ ಕೂತು. ಎರಡರಲ್ಲೂ ಟೆಕ್ನಿಕಲ್ ಬಿಡ್‌ನಲ್ಲೇ, ಅಂದರೆ ರೇಟ್ ನೋಡುವ ಮುಂಚೆ ಕಾಗದ ಪತ್ರ ನೋಡುವ ಹಂತದಲ್ಲೇ, ಹೊರಗೆ ಬಿದ್ದೆ. ಮೊದಲನೆಯದಕ್ಕೆ ಕಾರಣ ಇಎಂಡಿ, ಅಂದರೆ ಟೆಂಡರ್ ಜೊತೆ ಇಡಬೇಕಾದ ಠೇವಣಿ. ಅತಿ ಸಣ್ಣ, ಸಣ್ಣ ಉದ್ಯಮಗಳಿಗೆ ಠೇವಣಿ ಬೇಡ ಅಂತ ಇದೆಯಲ್ಲ, ಹಾಗಾಗಿ ಸಣ್ಣ ಉದ್ಯಮ ಅಂತ ನೋಂದಣಿಯಾದದ್ದಕ್ಕೆ ಸಿಗುವ ಉದ್ಯಮ್ ಸರ್ಟಿಫಿಕೇಟ್ ಹಾಕಿ ನಿಶ್ಚಿಂತೆಯಾಗಿದ್ದೆ. ರಿಜೆಕ್ಟ್ ಮಾಡಿದರು. ಯಾಕೆ ಅಂತ ಮೂರು ತಿಂಗಳು ತಲೆ ಕೆಡಿಸಿಕೊಂಡೆ.

ಉತ್ತರ ಸಿಕ್ಕಿದ್ದು ಈ ಅಂಗಡಿಯಲ್ಲಿ, ಮೊದಲ ದಿನವೇ. ಮಾಲೀಕರು ನನ್ನ ಉದ್ಯಮ್ ಸರ್ಟಿಫಿಕೇಟನ್ನು ಕನ್ನಡಕ ಮೇಲೆತ್ತಿ ಓದಿದರು. ಬೆರಳಿಟ್ಟು ಒಂದು ಸಾಲು ತೋರಿಸಿದರು. "ಮೇಡಂ, ನೀವು ಪೊರಕೆ ಮಾರ್ತೀರಾ?" ಅಂದರು. ನನಗೆ ಅರ್ಥ ಆಗಲಿಲ್ಲ. ನಮ್ಮ ಏರಿಯಾದ ಸೈಬರ್ ಸೆಂಟರಿನವನು ರಿಜಿಸ್ಟರ್ ಮಾಡುವಾಗ ವ್ಯಾಪಾರದ ಕೋಡ್ ಹಾಕಿದ್ದ, ಕ್ಲೀನಿಂಗ್ ಸಾಮಾನು ಮಾರುವವರದ್ದು. ಕಟ್ಟಡ ಸ್ವಚ್ಛ ಮಾಡುವ ಸೇವೆಗೆ ಇರುವ ಕೋಡ್ 81210. ವ್ಯಾಪಾರಿಗೆ ಆ ರಿಯಾಯಿತಿ ಇಲ್ಲ, ಸೇವೆ ಕೊಡುವವರಿಗೆ ಇದೆ. ಹತ್ತು ನಿಮಿಷದಲ್ಲಿ ಸರಿ ಮಾಡಿಸಿದರು. ಅದಕ್ಕೆ 200 ರೂಪಾಯಿ ತಗೊಂಡರು. ಆ 200 ರೂಪಾಯಿ ಆಮೇಲೆ ಒಂದೇ ಟೆಂಡರಿನಲ್ಲಿ ನನಗೆ 84,000 ರೂಪಾಯಿ ಠೇವಣಿ ಉಳಿಸಿತು.

ಎರಡನೇ ಸಲ ಬಿದ್ದಿದ್ದು ಅನುಭವದ ಕಾಲಮ್ಮಿನಲ್ಲಿ. ಕೇಂದ್ರದ ಎಷ್ಟೋ ಸಂಸ್ಥೆಗಳು ಒಂದೇ ಲೆಕ್ಕ ಇಟ್ಟುಕೊಂಡಿವೆ. ಹಿಂದಿನ ಏಳು ವರ್ಷದಲ್ಲಿ ಟೆಂಡರ್ ಮೊತ್ತದ ಶೇ. 40ರಷ್ಟರ ಮೂರು ಕೆಲಸ, ಇಲ್ಲ 50ರಷ್ಟರ ಎರಡು, ಇಲ್ಲ 80ರಷ್ಟರ ಒಂದು ಮಾಡಿರಬೇಕು. 50 ಲಕ್ಷದ ಟೆಂಡರಿಗೆ 20 ಲಕ್ಷದ್ದು ಮೂರು, 25ರದ್ದು ಎರಡು ಅಥವಾ 40 ಲಕ್ಷದ್ದು ಒಂದು. ಈಜು ಕಲಿಯೋವರೆಗೆ ನೀರಿಗೆ ಇಳೀಬೇಡ ಅಂದ ಹಾಗೆ. ನನ್ನ ಹತ್ತಿರ ಅಪಾರ್ಟ್‌ಮೆಂಟಿನವರು ಕೊಟ್ಟ ಚೆಂದದ ಪತ್ರ ಇತ್ತು, ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ. ಅದನ್ನು ಒಪ್ಪಲಿಲ್ಲ. ಖಾಸಗಿಯವರ ಸರ್ಟಿಫಿಕೇಟ್ ಆದರೆ ಟಿಡಿಎಸ್ ಕಟ್ ಆದ ದಾಖಲೆ ಕೇಳುತ್ತಾರೆ, ಅಂದರೆ 26ಎಎಸ್ ಅನ್ನುವ ಆದಾಯ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಆ ದುಡ್ಡು ಕಾಣಬೇಕು. ನಮ್ಮ ಅಪಾರ್ಟ್‌ಮೆಂಟ್ ಖಜಾಂಚಿ ಅಂಕಲ್ "ನಿಮ್ಗ್ಯಾಕಮ್ಮ ತೊಂದ್ರೆ" ಅಂತ ಟಿಡಿಎಸ್ ಮುರೀತಾನೇ ಇರಲಿಲ್ಲ. ಅವರ ಒಳ್ಳೇತನದಿಂದ ನನ್ನ ಎರಡು ವರ್ಷದ ಅನುಭವ ಲೆಕ್ಕಕ್ಕೇ ಬರಲಿಲ್ಲ.

ಇದಕ್ಕೂ ದಾರಿ ತೋರಿಸಿದ್ದು ಅಂಗಡಿಯ ಮಾಲೀಕರೇ. ಖಜಾಂಚಿಗೆ ಹೇಳಿ ಶೇ. 1 ಟಿಡಿಎಸ್ ಕಟ್ ಮಾಡಿಸಿ ಅಂದರು. ಜೆಮ್‌ನಲ್ಲಿ ಬಿಡ್ ಪೇಪರಿನ ಮೊದಲ ಪುಟದಲ್ಲೇ ಒಂದು ಸಾಲು ಇರುತ್ತದೆ, ಸಣ್ಣ ಉದ್ಯಮಕ್ಕೆ ಅನುಭವ, ಟರ್ನೋವರ್ ವಿನಾಯಿತಿ ಇದೆಯೋ ಇಲ್ಲವೋ ಅಂತ. 'ಯೆಸ್' ಇದ್ದದ್ದನ್ನು ಮಾತ್ರ ಹುಡುಕಿ ಹಾಕೋಣ ಅಂದರು. ಹಾಗೆ ಹುಡುಕಿ ಹಾಕಿದ ಮೂರನೆಯದ್ದರಲ್ಲಿ ನಾಲ್ಕು ಜನರ ಒಂದು ಕೆಲಸ ಸಿಕ್ಕಿತು. ಲಾಭ ಅಂತ ಏನೂ ಇರಲಿಲ್ಲ. ಆದರೆ ವರ್ಷದ ಕೊನೆಗೆ ಸರ್ಕಾರಿ ಸರ್ಟಿಫಿಕೇಟ್ ಬಂತು, ಕಂಪ್ಲೀಶನ್ ಸರ್ಟಿಫಿಕೇಟ್. ಲ್ಯಾಮಿನೇಶನ್ ಮಾಡಿಸೋಕೆ ಹೋದೆ. "ಅಯ್ಯೋ ಬೇಡ, ಸ್ಕ್ಯಾನ್ ಮಾಡಿದ್ರೆ ಹೊಳೀತದೆ" ಅಂತ ತಡೆದರು.

ಇವರ ಪಟ್ಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರತಿ ಗಿರಾಕಿಗೂ ಒಂದು ರಟ್ಟಿನ ಫೈಲ್. ಒಳಗಿನ ಮುಖಪುಟದಲ್ಲಿ ಕೈಬರಹದ ಪಟ್ಟಿ ಅಂಟಿಸಿರುತ್ತಾರೆ. ಪಾನ್, ಜಿಎಸ್‌ಟಿ, ಪಿಎಫ್ ಕೋಡ್, ಇಎಸ್‌ಐ ಕೋಡ್, ಲೇಬರ್ ಲೈಸೆನ್ಸ್, ಮೂರು ವರ್ಷದ ಐಟಿ ರಿಟರ್ನ್, ಸಿಎ ಕೊಟ್ಟ ಟರ್ನೋವರ್ ಸರ್ಟಿಫಿಕೇಟ್, ಕಪ್ಪುಪಟ್ಟಿಯಲ್ಲಿ ಇಲ್ಲ ಅಂತ ಅಫಿಡವಿಟ್. ಪ್ರತಿಯೊಂದರ ಮುಂದೆ ಅವಧಿ ಮುಗಿಯುವ ತಾರೀಕು, ಕೆಂಪು ಇಂಕಿನಲ್ಲಿ. ಒಮ್ಮೆ ನನ್ನ ಸಿಎ ಸರ್ಟಿಫಿಕೇಟನ್ನು ವಾಪಸ್ ಕಳಿಸಿದರು, ಯುಡಿಐಎನ್ ನಂಬರ್ ಇಲ್ಲ ಅಂತ. ಸಿಎ ಕೊಡುವ ಪ್ರತಿ ಸರ್ಟಿಫಿಕೇಟಿಗೂ 18 ಅಂಕಿಯ ಆ ನಂಬರ್ ಇರಲೇಬೇಕು. ನಮ್ಮ ಸಿಎ ಹುಡುಗನಿಗೆ ಬೇಜಾರಾಯಿತು. ಆಗಲಿ ಬಿಡಿ. ಅದೇ ಟೆಂಡರಿನಲ್ಲಿ ಇನ್ನೊಬ್ಬರು ಅದೇ ಕಾರಣಕ್ಕೆ ಹೊರಬಿದ್ದದ್ದನ್ನು ಆಮೇಲೆ ಸ್ಕ್ರೀನಿನಲ್ಲೇ ನೋಡಿದೆ.

ಬಿಡ್ ಹಾಕಿದ ಮೇಲೂ ಇವರು ಬಿಡಲ್ಲ. ಆಫೀಸಿನವರು ಏನಾದರೂ ಸ್ಪಷ್ಟನೆ ಕೇಳಿದರೆ ಪೋರ್ಟಲ್‌ನಲ್ಲೇ ಕೇಳುತ್ತಾರೆ, ಉತ್ತರಕ್ಕೆ ಸಾಮಾನ್ಯವಾಗಿ ಎರಡು ದಿನ. ನಾವು ಕೆಲಸದ ಜಾಗದಲ್ಲಿ ಬಕೆಟ್ ಹಿಡಿದು ನಿಂತಿರುತ್ತೇವೆ, ಮೇಲ್ ಯಾರು ನೋಡುತ್ತಾರೆ? ಇವರ ಹುಡುಗ ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ಐದಕ್ಕೆ ಎಲ್ಲರ ಖಾತೆ ತೆಗೆದು ನೋಡುತ್ತಾನೆ. ಟೆಂಡರ್ ತಾರೀಕು ಮುಂದಕ್ಕೆ ಹೋದರೆ, ಷರತ್ತು ಬದಲಾದರೆ ವಾಟ್ಸಾಪಿನಲ್ಲಿ ಬರುತ್ತದೆ. ಈ ಒಂದು ಸೇವೆಗೇ ದುಡ್ಡು ಕೊಡಬಹುದು.

ದುಡ್ಡು ಎಷ್ಟು? ನನಗೆ ಹಾಕಿದ್ದು ಜೆಮ್ ಬಿಡ್‌ಗೆ 1,000, ಕೆಪಿಪಿಪಿ ಟೆಂಡರಿಗೆ 1,500. ಗೆದ್ದರೆ ವರ್ಷದ ಮೊತ್ತದಲ್ಲಿ ಅರ್ಧ ಪರ್ಸೆಂಟ್. ಸೋತರೆ ಅಷ್ಟೇ, ಬೇರೆ ಏನೂ ಕೇಳಲ್ಲ. ಬಾಯಿಮಾತಿನ ಲೆಕ್ಕ, ರಸೀದಿ ಕೇಳಿದರೆ ಕೊಡುತ್ತಾರೆ, ಕೇಳದೆ ಕೊಡಲ್ಲ. ಒಂದು ವಿಷಯಕ್ಕೆ ಇವರನ್ನು ಮೆಚ್ಚಿದ್ದೇನೆ: ಆಫೀಸಿನ ಒಳಗೆ ನಮಗೆ ಜನ ಗೊತ್ತು ಅಂತ ಒಂದು ಸಲವೂ ಹೇಳಿಲ್ಲ. ಇದಕ್ಕೆ ಮುಂಚೆ ಬೇರೆ ಕಡೆ ಒಬ್ಬರ ಹತ್ತಿರ ಹೋಗಿದ್ದೆ. ಆತ ಕೂತ ಕೂಡಲೇ "ಎರಡು ಪರ್ಸೆಂಟ್ ಇಡಿ, ಮಿಕ್ಕಿದ್ದು ನಮಗೆ ಬಿಡಿ" ಅಂದ. ಟೀ ತರಿಸಿದ್ದ. ಕುಡಿಯದೆ ಎದ್ದು ಬಂದೆ.

ಇನ್ನು ಬಿಸ್ಕತ್ ಡಬ್ಬದ ಕಥೆ.

ಕೆಪಿಪಿಪಿಗೆ ಡಿಎಸ್‌ಸಿ ಬೇಕು, ಅಂದರೆ ಡಿಜಿಟಲ್ ಸಹಿ. ಕ್ಲಾಸ್ 3. ನೋಡೋಕೆ ಪೆನ್‌ಡ್ರೈವ್ ತರಹದ ಟೋಕನ್. ಅದನ್ನು ಚುಚ್ಚಿ ಪಾಸ್‌ವರ್ಡ್ ಹೊಡೆದರೆ ನೀವೇ ಸಹಿ ಹಾಕಿದ ಹಾಗೆ, ಕಾನೂನಿನ ಮುಂದೆ ಪೆನ್ನಿನ ಸಹಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಅಂಗಡಿಯವರು ಮಾಡಿಸಿಕೊಟ್ಟರು, "ಇಲ್ಲೇ ಇರ್ಲಿ ಅಕ್ಕ, ನಿಮ್ಗೆ ಓಡಾಟ ತಪ್ಪುತ್ತೆ" ಅಂದ ಹುಡುಗ. ಹೂಂ ಅಂದೆ. ಒಂದು ವರ್ಷ ಅಲ್ಲೇ ಇತ್ತು.

ಒಂದು ದಿನ ಅವನು ನನ್ನ ಟೋಕನ್ ಹುಡುಕುತ್ತಾ ಟೇಬಲ್ ಕೆಳಗಿಂದ ಒಂದು ಹಳೇ ಬಿಸ್ಕತ್ ಡಬ್ಬ ತೆಗೆದ. ಮೇಲೆ ಸಿಹಿ ಬಿಸ್ಕತ್ತಿನ ಚಿತ್ರ, ಒಳಗೆ ಟೋಕನ್ನುಗಳು. ನಲವತ್ತಾದರೂ ಇದ್ದವು. ಪ್ರತಿಯೊಂದರ ಮೇಲೂ ಬಿಳಿ ಟೇಪ್, ಟೇಪಿನ ಮೇಲೆ ಇನಿಶಿಯಲ್, ಅದರ ಕೆಳಗೆ ಪೆನ್ನಿನಲ್ಲಿ ಪಾಸ್‌ವರ್ಡ್. ಮುಕ್ಕಾಲು ಪಾಲಿನದ್ದು 12345678. ಕೈ ಆಡಿಸಿ ಹುಡುಕುವಾಗ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಸದ್ದು. ನಲವತ್ತು ಜನರ ಸಹಿ ಟೇಬಲ್ ಕೆಳಗೆ, ಬೀಗ ಇಲ್ಲದೆ. ನನ್ನ ಟೋಕನ್ ಪಕ್ಕದಲ್ಲೇ ಇನ್ನೊಂದು ಇತ್ತು. ಇನಿಶಿಯಲ್ ಓದಿದೆ. ಅದು ಯಾರದ್ದು ಅಂತ ಗೊತ್ತಾಯಿತು. ಹಿಂದಿನ ತಿಂಗಳು ಒಂದು ಹಾಸ್ಟೆಲ್ ಟೆಂಡರಿನಲ್ಲಿ ನನ್ನನ್ನು ಕೂದಲೆಳೆಯಲ್ಲಿ ಸೋಲಿಸಿದ ಏಜೆನ್ಸಿಯವರದ್ದು.

ಅಂಗಡಿಯವರು ನನ್ನ ರೇಟ್ ಅವರಿಗೆ ಹೇಳಿದರು ಅಂತ ನಾನು ಹೇಳಲ್ಲ. ನನ್ನ ಹತ್ತಿರ ಅಂಥ ಪುರಾವೆ ಏನೂ ಇಲ್ಲ, ಅವರು ಅಂಥವರೂ ಅಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಒಂದೇ ಟೆಂಡರಿಗೆ ಇಬ್ಬರ ರೇಟನ್ನೂ ಒಂದೇ ಕೀಬೋರ್ಡ್ ಟೈಪ್ ಮಾಡಿದೆ, ಅದಂತೂ ನಿಜ. ಮಾಲೀಕರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಮೇಡಂ, ಡಾಕ್ಟರ್ ಹತ್ರ ಜಗಳ ಆಡಿದ ಇಬ್ಬರೂ ಹೋಗ್ತಾರೆ. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೇಳ್ತಾರಾ?" ಅಂದರು. ಮಾತು ಚೆನ್ನಾಗಿದೆ. ಆದರೆ ಆ ಇಬ್ಬರೂ ಉಳಿದಿರುವ ಒಂದೇ ಹಾಸಿಗೆಗೆ ಕಿತ್ತಾಡ್ತಾ ಇರಲ್ಲ ಅಲ್ವಾ? ಅಷ್ಟು ಹೇಳಿ ಟೋಕನ್ ಕೇಳಿ ತಗೊಂಡೆ. ಟೇಪು ಕಿತ್ತು ಹಾಕಿ, ಪಾಸ್‌ವರ್ಡ್ ಅಲ್ಲೇ ಕೂತು ಬದಲಾಯಿಸಿದೆ.

ಜೆಮ್‌ನಲ್ಲಿ ಟೋಕನ್ ಗೋಜು ಇಲ್ಲ, ಓಟಿಪಿ ಸಾಕು. ಅದು ಇನ್ನೂ ಸುಲಭ ಅಂದುಕೊಂಡೆ. ಅಲ್ಲೇ ಎಡವಿದ್ದು.

2024ರ ನವೆಂಬರ್. ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಒಂದು ಕಚೇರಿ, ಆರು ಮಹಡಿ, 14 ಜನ ಬೇಕು, ಒಂದು ವರ್ಷ, ಸಾಮಾನೂ ನಮ್ಮದೇ. ತಿಂಗಳಿಗೆ ಇಷ್ಟು ಅಂತ ಒಟ್ಟು ಮೊತ್ತ ಹಾಕುವ ಬಿಡ್. ವರ್ಷಕ್ಕೆ ಹತ್ತಿರ ಹತ್ತಿರ 42 ಲಕ್ಷದ ಕೆಲಸ. ನನ್ನ ಮಟ್ಟಿಗೆ ಅದು ದೊಡ್ಡ ಮೀನು. ಜನ ಎಷ್ಟು, ಸಾಮಾನು ಎಷ್ಟು, ನನಗೆ ಎಷ್ಟು ಉಳಿಯಬೇಕು ಅಂತ ಹೇಳಿ ಬಂದೆ. ಮಿಕ್ಕಿದ್ದಕ್ಕೆ ಅವರ ಹತ್ತಿರ ಎಕ್ಸೆಲ್ ಶೀಟ್ ಇದೆ, ಅದರಲ್ಲಿ ಹಾಕಿದರೆ ಒಟ್ಟು ಬರುತ್ತದೆ ಅಂದರು.

ಕೊನೇ ದಿನ ಮಧ್ಯಾಹ್ನ ಮಲ್ಲೇಶ್ವರದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಡ್ರೈನ್ ಕಟ್ಟಿಕೊಂಡಿತ್ತು. ಮೊಣಕಾಲವರೆಗೆ ಪ್ಯಾಂಟ್ ಮಡಚಿ ಬಿದಿರು ಗಳ ಹಿಡಿದು ನಿಂತಿದ್ದೆ. ಫೋನ್ ಬಂತು. "ಅಕ್ಕಾ, ಓಟಿಪಿ ಬಂತಾ? ಬೇಗ ಹೇಳಿ, ಟೈಮ್ ಆಗೋಯ್ತು." ಒದ್ದೆ ಕೈಯಲ್ಲಿ ಫೋನ್ ಹಿಡಿದು ಆರು ಅಂಕಿ ಓದಿದೆ. ರೇಟ್ ಎಷ್ಟು ಹಾಕಿದೆ ಅಂತ ಕೇಳಲೂ ಇಲ್ಲ.

ಎಲ್ ಒನ್ ಆದೆ, ಅಂದರೆ ಎಲ್ಲರಿಗಿಂತ ಕಡಿಮೆ ರೇಟ್ ನನ್ನದು. ಮೆಜೆಸ್ಟಿಕ್‌ನಿಂದ ಅರ್ಧ ಕೆಜಿ ಮೈಸೂರು ಪಾಕ್ ತಗೊಂಡು ಹೋಗಿ ಅಂಗಡಿಯಲ್ಲಿ ಹಂಚಿದೆ. ಅರ್ಧ ಪರ್ಸೆಂಟ್ ಲೆಕ್ಕದಲ್ಲಿ 21,000 ಕೊಟ್ಟೆ. ಕೆಲಸ ಗೆದ್ದ ಮೇಲೆ ಶೇ. 3 ಪರ್ಫಾರ್ಮೆನ್ಸ್ ಗ್ಯಾರಂಟಿ, ಅಂದರೆ ಕೆಲಸ ಸರಿಯಾಗಿ ಮಾಡುತ್ತೇವೆ ಅನ್ನುವುದಕ್ಕೆ ಭದ್ರತೆ, ಕಟ್ಟಬೇಕು, ಅದಕ್ಕೆ ಉದ್ಯಮ್ ವಿನಾಯಿತಿ ಇಲ್ಲ. ಅದಕ್ಕೆ 1,26,000 ಹೊಂದಿಸಿದೆ. ಜನವರಿಯಲ್ಲಿ ಕೆಲಸ ಶುರು.

ಒಬ್ಬರ ಲೆಕ್ಕ ಬಿಡಿಸಿ ಹೇಳುತ್ತೇನೆ, ಟೆಂಡರ್ ಹಾಕುವವರಿಗೆ ಉಪಯೋಗ ಆಗುತ್ತದೆ. 2024ರ ಅಕ್ಟೋಬರ್‌ನಿಂದ ಕೇಂದ್ರದ ಕನಿಷ್ಠ ವೇತನ, 'ಎ' ಪ್ರದೇಶದಲ್ಲಿ ಗುಡಿಸುವ, ತೊಳೆಯುವ ಕೆಲಸಕ್ಕೆ ದಿನಕ್ಕೆ 783 ರೂಪಾಯಿ ಇತ್ತು. ಬೆಂಗಳೂರು 'ಎ'. 26 ದಿನಕ್ಕೆ 20,358. ಕೆಲಸ ಕೊಡುವವರ ಪಾಲಿನ ಪಿಎಫ್, ಅದರ ಆಡಳಿತ ಖರ್ಚು, ವಿಮೆ ಎಲ್ಲ ಸೇರಿ ಶೇ. 13, ಅದು 15,000ದ ಮೇಲೆ ಲೆಕ್ಕ, 1,950. ಇಎಸ್‌ಐ ಶೇ. 3.25, ಅಂದರೆ 662. ಇಲ್ಲಿಗೆ 22,970 ಆಯಿತು. ಎಕ್ಸೆಲ್ ಶೀಟ್ ಇಲ್ಲಿಗೇ ನಿಂತಿತ್ತು. ಅದರ ಕೆಳಗಿನ ಸಾಲು ಬೋನಸ್. ಶೇ. 8.33. ಆ ಮನೆ ಖಾಲಿ.

ಬೋನಸ್ ತಿಂಗಳು ತಿಂಗಳು ಕೊಡುವ ದುಡ್ಡಲ್ಲ, ಹಬ್ಬಕ್ಕೆ ಕೊಡುವ ದುಡ್ಡು. ಹಾಗಾಗಿ ತೂತು ಹಬ್ಬದವರೆಗೂ ಕಾಣಲಿಲ್ಲ. ಆಯುಧಪೂಜೆ ಹತ್ತಿರ ಬಂದಾಗ ನಾಲ್ಕನೇ ಮಹಡಿ ನೋಡಿಕೊಳ್ಳುವ ಅಮ್ಮ ಒಬ್ಬರು ಮೆಲ್ಲಗೆ ಕೇಳಿದರು, "ಬೋನಸ್ ಎಷ್ಟು ಬರ್ತದವ್ವಾ ಈ ಸಲ?" ರಾತ್ರಿ ಫೈಲ್ ತೆಗೆದೆ. ಒಬ್ಬರಿಗೆ ತಿಂಗಳಿಗೆ 1,696. ಹದಿನಾಲ್ಕು ಜನಕ್ಕೆ 23,744. ವರ್ಷಕ್ಕೆ 2,84,928. ಡ್ರೈನ್ ಪಕ್ಕ ನಿಂತು ಓದಿದ ಆರು ಅಂಕಿಯ ಬೆಲೆ ಅದು.

ಬೋನಸ್ ಕೊಡದೆ ತಪ್ಪಿಸಿಕೊಳ್ಳುವ ದಾರಿ ಎಲ್ಲರಿಗೂ ಗೊತ್ತಿದೆ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. ಕೊಟ್ಟು, ಎಟಿಎಂ ಬಾಗಿಲಲ್ಲಿ ನಿಂತು ವಾಪಸ್ ಈಸಿಕೊಳ್ಳುವವರೂ ಇದ್ದಾರೆ. ನಮ್ಮಮ್ಮನ ಪಿಎಫ್ ಕಥೆ ಹೇಳಿದೆನಲ್ಲ. ನನ್ನ ಕೈಲಿ ಅದು ಆಗಲಿಲ್ಲ. ಎರಡು ಬಳೆ ಅಡವಿಟ್ಟು ಕೊಟ್ಟೆ.

ಮಾರನೇ ದಿನ ಅಂಗಡಿಗೆ ಹೋಗಿ ಶೀಟ್ ತೆಗೆಸಿದೆ. ಹುಡುಗನ ಮುಖ ಸಪ್ಪೆಯಾಯಿತು. ಅದು ಇನ್ನೊಬ್ಬ ಗಿರಾಕಿಗೆ ಅಂತ ಮಾಡಿದ್ದ ಶೀಟಂತೆ, ಆ ಬಿಡ್‌ನಲ್ಲಿ ಬೋನಸ್ ಬೇರೆ ಕೊಡುತ್ತೇವೆ ಅಂತ ಷರತ್ತು ಇತ್ತಂತೆ. ನನ್ನದಕ್ಕೆ ಕಾಪಿ ಮಾಡುವಾಗ ಅದನ್ನು ಸೇರಿಸಲಿಲ್ಲ. ಮಾಲೀಕರು ತಪ್ಪು ಒಪ್ಪಿಕೊಂಡರು. 21,000 ವಾಪಸ್ ಕೊಟ್ಟರು, ಮುಂದಿನ ಆರು ಬಿಡ್‌ಗೆ ಫೀಸು ಬೇಡ ಅಂದರು. ಈ ಧಂಧೆಯಲ್ಲಿ ಅಷ್ಟು ಮಾಡುವವರು ಕಡಿಮೆ, ಅದನ್ನೂ ಹೇಳಬೇಕು. ನಷ್ಟ ಮಾತ್ರ ನನ್ನದೇ. ಅರ್ಧ ತಪ್ಪೂ ನನ್ನದೇ, ನೋಡದೆ ಓಟಿಪಿ ಹೇಳಿದ್ದು ನಾನು.

ಅದೇ ಬಿಡ್‌ನಲ್ಲಿ ಅವರು ನನ್ನನ್ನು ಉಳಿಸಿದ್ದೂ ಇದೆ. ಕನಿಷ್ಠ ವೇತನ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬದಲಾಗುತ್ತದೆ. ಒಟ್ಟು ಮೊತ್ತದ ಬಿಡ್‌ನಲ್ಲಿ ಆ ಏರಿಕೆ ಯಾರ ತಲೆಗೆ? ಆಫೀಸಿನವರು ಸೇರಿಸುವ ಹೆಚ್ಚುವರಿ ಷರತ್ತುಗಳ ಪುಟದಲ್ಲಿ, ಹನ್ನೆರಡನೇ ಪುಟ ಇರಬೇಕು, ವ್ಯತ್ಯಾಸ ತುಂಬಿಕೊಡುತ್ತೇವೆ ಅಂತ ಒಂದು ಸಾಲು ಇತ್ತು. ಮಾಲೀಕರು ಅದಕ್ಕೆ ಹಳದಿ ಹಚ್ಚಿ ಪ್ರಿಂಟ್ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಅದನ್ನೇ ಹಿಡಿದು ಹೋದೆ. ಕೊಟ್ಟರು. ಆ ಸಾಲು ಇಲ್ಲದ ಬಿಡ್‌ಗೆ ಈಗ ಕೈಯೇ ಹಾಕಲ್ಲ.

ಬರೀ ಜನ ಒದಗಿಸುವ ಬಿಡ್‌ಗಳ ಕಥೆ ಬೇರೆ. ಅಲ್ಲಿ ಸಂಬಳ ಮೊದಲೇ ಗೊತ್ತಾಗಿರುತ್ತದೆ, ನಾವು ಹಾಕುವುದು ಸರ್ವಿಸ್ ಚಾರ್ಜ್ ಮಾತ್ರ. ಹಿಂದೆ ಸೊನ್ನೆ, ಒಂದು ಪೈಸೆ ಅಂತೆಲ್ಲ ಹಾಕುತ್ತಿದ್ದರಂತೆ. ಸೊನ್ನೆ ಹಾಕಿದವನು ಊಟ ಎಲ್ಲಿಂದ ಮಾಡುತ್ತಾನೆ? ಕೆಲಸದವರ ತಟ್ಟೆಯಿಂದ. ಹಾಗಾಗಿ 2023ರಲ್ಲಿ ಶೇ. 3.85ಕ್ಕಿಂತ ಕಡಿಮೆ ಹಾಕುವಂತಿಲ್ಲ ಅಂತ ಬಂತು. ಒಳ್ಳೆಯದೇ. ಆದರೆ ಈಗ ಎಲ್ಲರೂ 3.85 ಹಾಕುತ್ತಾರೆ, ಎಲ್ಲರೂ ಎಲ್ ಒನ್. ನಾನು ಹಾಕಿದ ಒಂದರಲ್ಲಿ ಹೀಗೆ ಸಮ ಆದವರ ಪಟ್ಟಿ ಒಂದು ಪುಟಕ್ಕೆ ಹಿಡಿಸಲಿಲ್ಲ. ಕೊನೆಗೆ ಕಂಪ್ಯೂಟರ್ ಒಬ್ಬರನ್ನು ಆರಿಸುತ್ತದೆ. ಇದಕ್ಕೂ 1,000 ಫೀಸು ಕೊಡೋದು ಲಾಟರಿ ಟಿಕೆಟ್ ತಗೊಂಡ ಹಾಗೆ. ಗೆದ್ದರೂ ಆಗಿನ 22,970ರ ಮೇಲೆ 3.85 ಅಂದರೆ ತಲೆಗೆ 884 ರೂಪಾಯಿ. ಯೂನಿಫಾರಂ, ಶೂ, ಸೂಪರ್‌ವೈಸರ್ ಓಡಾಟ, ಬ್ಯಾಂಕ್ ಬಡ್ಡಿ ಎಲ್ಲ ಅದರಲ್ಲೇ. ಮಾಲೀಕರೇ ಈಗ ನನಗೆ ಅಂಥವು ಬೇಡ ಅನ್ನುತ್ತಾರೆ. ತಮ್ಮ ಫೀಸು ತಾವೇ ಬಿಟ್ಟುಕೊಡುವ ಮಾತದು.

ಅಂಗಡಿಯವರು ಹೇಳದ ಇನ್ನೊಂದು ಸಂಗತಿ ಗೆದ್ದ ಮೇಲಿನ ಬಂಡವಾಳ. ಅದು ಅವರ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಒಂದು ಮಾತು ಹೇಳಬಹುದಿತ್ತು. ಸಂಬಳ 7ನೇ ತಾರೀಕಿನೊಳಗೆ ಆಗಬೇಕು. ಪಿಎಫ್, ಇಎಸ್‌ಐ 15ರೊಳಗೆ ಕಟ್ಟಬೇಕು. ಕಟ್ಟಿದ ಚಲನ್ ಇಲ್ಲದೆ ಬಿಲ್ಲೇ ತಗೊಳ್ಳಲ್ಲ. ಬಿಲ್ ಕೊಟ್ಟ ಮೇಲೆ ನನ್ನ ಮೊದಲ ಪೇಮೆಂಟ್ ಬಂದಿದ್ದು 71ನೇ ದಿನ. ಅಷ್ಟರೊಳಗೆ ಮೂರು ಸಂಬಳ ಆಗಿತ್ತು. ಹದಿನಾಲ್ಕು ಜನಕ್ಕೆ ತಿಂಗಳಿಗೆ 3,21,580, ಮೂರು ತಿಂಗಳಿಗೆ ಹತ್ತಿರ ಹತ್ತಿರ ಹತ್ತು ಲಕ್ಷ. ಸಾಮಾನು ಬೇರೆ. ಫಿನಾಯಿಲ್ ಅಂಗಡಿಯವರು ಎರಡು ತಿಂಗಳು ಸಾಲ ಕೊಟ್ಟರು, ಅವರ ಬಗ್ಗೆ ಇನ್ನೊಂದು ದಿನ ಐದಕ್ಕೆ ಐದು ಕೊಟ್ಟು ಬರೆಯುತ್ತೇನೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ, ಕೊಡದಿದ್ದರೆ ಬಡ್ಡಿ ಕೇಳಬಹುದು, ದೂರು ಹಾಕಲು ಪೋರ್ಟಲ್ ಕೂಡ ಇದೆ. ಮೊದಲ ವರ್ಷದಲ್ಲೇ ಆಫೀಸಿನ ಮೇಲೆ ದೂರು ಹಾಕುವ ಧೈರ್ಯ ಯಾರಿಗಿರುತ್ತದೆ ಹೇಳಿ. ನಾನು ಹಾಕಲಿಲ್ಲ.

ಈಗ ನಾನು ಅಂಗಡಿಯನ್ನು ಹೇಗೆ ಬಳಸುತ್ತೇನೆ ಅಂದರೆ, ಬಿಡ್ ಓದುವುದು, ಕಾಗದ ಜೋಡಿಸುವುದು, ಅಪ್‌ಲೋಡ್, ಆಮೇಲಿನ ಕಾವಲು, ಇಷ್ಟು ಅವರಿಗೆ. ರೇಟ್ ನನ್ನದು. ಮಗಳು ಮಾಡಿಕೊಟ್ಟ ಶೀಟಿನಲ್ಲಿ ಬೋನಸ್ ಸಾಲಿಗೆ ಹಳದಿ ಬಣ್ಣ ಹಾಕಿದ್ದೇನೆ. ವಾರದ ರಜೆಗೆ ಬದಲಿ ಜನ, ಯೂನಿಫಾರಂ ಎರಡು ಜೊತೆ, ಪೊರಕೆ ಎಷ್ಟು ದಿನಕ್ಕೊಂದು, ಎಲ್ಲ ಅದರಲ್ಲಿದೆ. ಜೆಮ್ ಆದರೆ ಮನೆಯಲ್ಲಿ ಕೂತು ಕೊನೆಯ ಮೊತ್ತ ನಾನೇ ಟೈಪ್ ಮಾಡುತ್ತೇನೆ. ಕೆಪಿಪಿಪಿ ಆದರೆ ಕೊನೇ ದಿನಕ್ಕೆ ಎರಡು ದಿನ ಮುಂಚೆ ಟೋಕನ್ ತಗೊಂಡು ಹೋಗುತ್ತೇನೆ. ಹುಡುಗ ಎದ್ದು ಕುರ್ಚಿ ಬಿಟ್ಟುಕೊಡುತ್ತಾನೆ, ಆ ಕಡೆ ತಿರುಗಿ ನಿಲ್ಲುತ್ತಾನೆ. ಮೊದಲ ಸಲ ಮುಜುಗರ ಆಯಿತು. ಈಗ ಅವನಿಗೇ ಅಭ್ಯಾಸ ಆಗಿದೆ.

ಹೋಗುವವರಿಗೆ: ಸೋಮವಾರ ಬೆಳಿಗ್ಗೆ ಹೋಗಬೇಡಿ, ಕಾಲಿಡಲು ಜಾಗ ಇರಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತಾಡಿಸಬೇಡಿ, ಹೆಚ್ಚಿನ ಬಿಡ್ ಮುಗಿಯುವ ಹೊತ್ತು ಅದು, ಯಾರಿಗೋ ಓಟಿಪಿ ಕೇಳುತ್ತಾ ಇರುತ್ತಾರೆ. ಭಾನುವಾರ ಒಂದು ಗಂಟೆವರೆಗೆ ತೆಗೆದಿರುತ್ತದೆ, ಆಗ ಮಾಲೀಕರು ಪುರುಸೊತ್ತಾಗಿ ಸಿಗುತ್ತಾರೆ, ನಿಮ್ಮ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಓದುತ್ತಾರೆ. ಒರಿಜಿನಲ್ ಒಂದನ್ನೂ ಬಿಟ್ಟು ಬರಬೇಡಿ. ಹೋದ ವಾರ ಹೋದಾಗ ಬಿಸ್ಕತ್ ಡಬ್ಬ ಟೇಬಲ್ ಕೆಳಗೆ ಇರಲಿಲ್ಲ. ಗೋಡೆಗೆ ಒಂದು ಚಿಕ್ಕ ಕಬ್ಬಿಣದ ಕಪಾಟು ಹೊಡೆಸಿದ್ದಾರೆ, ಬೀಗ ಹಾಕಿತ್ತು. ಬೀಗದ ಕೈ ಪಕ್ಕದ ಮೊಳೆಗೇ ನೇತು ಹಾಕಿತ್ತು.